ಕೊರಳ ಹಲಗೆ

ಮೊಮ್ಮಗಳು ಶಾಲೆಯಿಂದ ಒಂದು ಹಾಳೆ ತಂದಿದ್ದಾಳೆ.
ಮೇಲೆ ದಪ್ಪಕ್ಷರದಲ್ಲಿ: ದಬ್ಬಾಳಿಕೆಯ ಬಗೆಗಳು.
ಕೆಳಗೆ ಎರಡು ಖಾನೆ,
ಮಾಡಿದವರು, ಅನುಭವಿಸಿದವರು.
ಅಜ್ಜಿ, ನಿಂಗೆ ಗೊತ್ತಿರೋದು ಹೇಳು, ಬರ್ಕೋತೀನಿ, ಅಂತ
ಪೆನ್ಸಿಲ್ ಚೂಪು ಮಾಡಿಕೊಂಡು ಕೂತಿದ್ದಾಳೆ.

ಬರ್ಕೋ.
ನನ್ನ ಹೆಸರು ನಾಬಿ. ಅಂದರೆ ಗಡಿಗೆ.
ಪಕ್ಕದ ಮನೆಯವಳು ಉಶಿ, ಅಂದರೆ ಹಸು.
ಒಲೆ, ಕೊಟ್ಟಿಗೆ, ಇಷ್ಟರಲ್ಲೇ ನಮಗೆ ಹೆಸರು ಸಿಗುತ್ತಿದ್ದವು.
ಶಾಲೆಯ ಹಾಜರಿ ಪುಸ್ತಕದಲ್ಲಿ ನಾನು ಹಾತ್ಸುಕೊ.
ಯಾರೋ ಬೇರೆ ಹುಡುಗಿಯನ್ನು ಕರೆದಂತೆ ಕೇಳಿ
ಮೊದಲ ವಾರವೆಲ್ಲ ಗೈರುಹಾಜರಾದೆ, ಅಲ್ಲೇ ಕೂತು.

ಹಲಗೆ ಅಂದರೆ ಇಷ್ಟೇ, ಅಂಗೈಯಗಲ,
ದಾರ ಪೋಣಿಸಿದ್ದು, ಬೆವರಿಗೆ ಕರ್ರಗಾದದ್ದು.
ಮನೆಮಾತು ಬಾಯಿಂದ ಜಾರಿದವರ ಕೊರಳಿಗೆ.
ಬಿಡಿಸಿಕೊಳ್ಳಲು ಒಂದೇ ದಾರಿ:
ಇನ್ನೊಬ್ಬರ ಬಾಯಿ ಜಾರುವುದನ್ನು ಕಾಯಬೇಕು.
ಸಂಜೆ ಗಂಟೆ ಹೊಡೆದಾಗ ಯಾರ ಎದೆಯ ಮೇಲಿದೆಯೋ
ಅವರಿಗೆ ಬೆತ್ತ, ಆಮೇಲೆ ಕಕ್ಕಸು ತೊಳೆಯುವುದು.
ಮೇಷ್ಟ್ರು ದಿನವಿಡೀ ಏನೂ ಮಾಡಬೇಕಿರಲಿಲ್ಲ.
ನಾವೇ ಮಾಡುತ್ತಿದ್ದೆವು.

ಮೇಷ್ಟ್ರೂ ನಮ್ಮ ಒಕಿನಾವಾದವರೇ.
ಹಿಗಾವುನ್ನ ಅನ್ನುವ ಮನೆತನದ ಹೆಸರನ್ನು
ತೋಕಿಯೊ ನಾಲಿಗೆಗೆ ಒಗ್ಗುವಂತೆ
ಹಿಗಾಶಿಯೊನ್ನ ಅಂತ ತಿದ್ದಿಕೊಂಡವರು.
ಒಂದು ದಿನ ಹಲಗೆ ನೇತುಹಾಕಲು ಮೊಳೆ ಹೊಡೆಯುವಾಗ
ಸುತ್ತಿಗೆ ಹೆಬ್ಬೆರಳಿಗೆ ಬಿತ್ತು.
'ಅಗಾ!' ಅಂದರು.
ಅಪ್ಪಟ ನಮ್ಮ ಅಗಾ, ಅವರಮ್ಮನ ಅಗಾ.
ಐವತ್ತೆರಡು ಮಕ್ಕಳು ಉಸಿರು ಬಿಗಿಹಿಡಿದೆವು.
ಹಲಗೆ ಅವರ ಕೈಯಲ್ಲೇ ಇತ್ತು.
ಮೊಳೆಗೆ ಹಾಕಿದರು.

ಅವತ್ತೇ ನಮಗೆ ಉಪಾಯ ಹೊಳೆದದ್ದು.
ಸುಮ್ಮನೆ ಯಾಕೆ ಕಾಯಬೇಕು?
ಹಿಮ್ಮಡಿಯಿಂದ ಪಕ್ಕದವರ ಪಾದ ತುಳಿದರಾಯಿತು.
ನೋವು ಇನ್ನೂ ಜಪಾನೀ ಕಲಿತಿರಲಿಲ್ಲ.

ಸಂದಾ ವಾರಕ್ಕೊಮ್ಮೆ ಬರುತ್ತಿದ್ದ.
ಅಪ್ಪನ ಸಾಲಕ್ಕೆ ಇಟೊಮಾನಿನ ಮೀನುಗಾರ ಯಜಮಾನನಿಗೆ
ಇಪ್ಪತ್ತು ತುಂಬುವ ತನಕ ಅಂತ ಮಾರಿದ ಹುಡುಗ.
ಬಲೆಗೆ ಮೀನು ಅಟ್ಟಲು ಆಳಕ್ಕೆ ಮುಳುಗಿ ಮುಳುಗಿ
ಕಿವಿಯ ತಮಟೆ ಒಡೆದಿತ್ತು; ಗಟ್ಟಿಯಾಗಿ ಮಾತಾಡುತ್ತಿದ್ದ.
ಮೇಷ್ಟ್ರಿಗೆ ಅವನು ಬರೀ 'ಏಯ್'.
ಮೀನು ನಾರುತ್ತಾನೆ ಅಂತ ಕೊನೆಯ ಬೆಂಚು.
ಹಲಗೆ ಹೊತ್ತವರು ಅವನ ಪಕ್ಕ ಕೂರಬೇಕು,
ಅದೂ ಶಿಕ್ಷೆಯ ಲೆಕ್ಕವೇ.

ಆ ದಿನ ಗಂಟೆಗೆ ಇನ್ನೇನು ಸ್ವಲ್ಪವೇ ಹೊತ್ತು.
ಹಲಗೆ ನನ್ನ ಕೊರಳಲ್ಲಿ.
ತುಳಿದೆ. ಇದ್ದ ಬಲವನ್ನೆಲ್ಲ ಹಿಮ್ಮಡಿಗೆ ತಂದು ತುಳಿದೆ.
ಹವಳದ ಬಂಡೆಯ ಮೇಲೆ ನಡೆದು ನಡೆದು ಕೊರಡಾದ ಪಾದ.
ನನ್ನ ಕಾಲೇ ಉಳುಕಿತು.
ಅವನು ತಿರುಗಿ ನೋಡಿದ.
ಇಡೀ ತರಗತಿಗೆ ಕೇಳುವಂತೆ, ನಮ್ಮ ಮಾತಿನಲ್ಲಿ, ಕೇಳಿದ:
ಪೆಟ್ಟಾಯ್ತಾ ನಾಬಿ?

ಹಲಗೆ ತೆಗೆದು ಅವನಿಗೆ ಹಾಕಿದೆ.
ತಲೆ ಬಾಗಿಸಿಕೊಟ್ಟ,
ದಾರ ಕೂದಲಿಗೆ ಸಿಕ್ಕಿಕೊಳ್ಳದಿರಲೆಂದು.

ಯುದ್ಧ ಮುಗಿದ ಎಷ್ಟೋ ವರ್ಷಕ್ಕೆ
ಸತ್ತವರ ಹೆಸರು ಕೊರೆದ ಕಪ್ಪು ಕಲ್ಲಿನ ಗೋಡೆಗಳ ಹತ್ತಿರ ಹೋಗಿದ್ದೆ.
ಬಿಸಿಲಲ್ಲಿ ಒಂದೊಂದೇ ಸಾಲು ಬೆರಳಿಟ್ಟು ಓದಿದೆ.
ಸಂದಾ ಇರಲಿಲ್ಲ.
ಹಾಜರಿ ಪುಸ್ತಕದಲ್ಲಿ ಅವನು ಯಾರಾಗಿದ್ದನೋ
ನಾನು ಕೇಳಿರಲಿಲ್ಲ.
ಬದುಕಿದ್ದಾನೆ ಅಂದುಕೊಳ್ಳಲೂ ಬರುತ್ತದೆ, ಹಾಗಿದ್ದರೆ.

ಮೊಮ್ಮಗಳು ಪೆನ್ಸಿಲ್ ಕಚ್ಚುತ್ತಾಳೆ.
ಮಾಡಿದವರು ಅನ್ನೋ ಕಡೆ ಮೇಷ್ಟ್ರು ಅಂತ ಬರೀಲಾ?
ಬರಿ.
ಅನುಭವಿಸಿದವರು, ಸಂದಾ?
ಬರಿ.
ನೀನು?

ಅಷ್ಟರಲ್ಲಿ ರಬ್ಬರು ಕೆಳಗೆ ಬಿತ್ತು.
ಎತ್ತಿಕೊಳ್ಳಲು ಬಗ್ಗಿದವಳ ಹಣೆ
ಮೇಜಿನಂಚಿಗೆ ಬಡಿಯಿತು.
ನಾನು ತಕ್ಷಣ ಏಳಲಿಲ್ಲ.
ತಾಯಾಣೆ, ಮೊದಲು ಕಿವಿಗೊಟ್ಟೆ,
ಯಾವ ಮಾತಿನಲ್ಲಿ ಅಳುತ್ತಾಳೆ ಅಂತ.